ಮಣ್ಣು ಕಾಣದ ಕಾಲು

ಚರ್ಚಿನ ಈ ಸೇವೆಗೆ ನಾನು ತೆತ್ತ ಬೆಲೆ ನನ್ನ ಗುರುವಾರದ ಮಧ್ಯಾಹ್ನಗಳು. ವ್ಯಾಪಾರ ಗೊತ್ತಿಲ್ಲದವರಿಗೆ ಇದು ಸಣ್ಣದೆನ್ನಿಸೀತು. ಬಳ್ಳಾರಿಯಲ್ಲಿ ಹಳೇ ಹೊಲಿಗೆ ಮಷೀನು ಕೊಂಡು, ರಿಪೇರಿ ಮಾಡಿಸಿ, ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಮಾರುವುದು ನನ್ನ ಕಸುಬು. ಯೂನಿಟ್ಟಿನ ಮಾಲೀಕರು ಬೆಳಿಗ್ಗೆ ಕೈಗೆ ಸಿಗುವುದಿಲ್ಲ. ಸಂಜೆ ಮಾಲು ಲೋಡು ಮಾಡಿಸುವ ಗಡಿಬಿಡಿ. ಅವರು ಉಂಡು, ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಮೆತ್ತಗಾಗುವುದು ಮಧ್ಯಾಹ್ನವೇ. ಆ ಹೊತ್ತಿಗೆ ಎದುರಿನ ಕುರ್ಚಿಯಲ್ಲಿ ನಾನಿರಬೇಕು, ಇಲ್ಲದಿದ್ದರೆ ಇನ್ನೊಬ್ಬ ಇರುತ್ತಾನೆ. ಎಷ್ಟೋ ಗುರುವಾರ ಇನ್ನೊಬ್ಬ ಇದ್ದ. ಗುರುವಾರವೇ ಯಾಕೆಂದರೆ, ಭಾನುವಾರ ಆರಾಧನೆ, ಬುಧವಾರ ಬೈಬಲ್ ಓದು, ಶುಕ್ರವಾರ ಉಪವಾಸ ಪ್ರಾರ್ಥನೆ. ಮಿಕ್ಕ ಮೂರು ದಿನ ಹಳೇ ಮಷೀನು ಹುಡುಕಿ ಊರೂರು ತಿರುಗಾಟ. ವಾರದಲ್ಲಿ ನನಗೆ ಉಳಿದದ್ದು ಅದೊಂದೇ.

ಇಷ್ಟು ನಷ್ಟದ ಬಾಬತ್ತಿಗೆ ನಾನು ಯಾಕೆ ಕೈಹಾಕಿದೆ ಎಂದರೆ, ನನ್ನ ಎಡಗಾಲು ಮೊಣಕಾಲಿನ ಕೆಳಗಿಲ್ಲ. ಸಕ್ಕರೆ ಕಾಯಿಲೆಯ ಹುಣ್ಣು. ನಾನು ಉದಾಸೀನ ಮಾಡಿದೆ, ಅದು ಮಾಡಲಿಲ್ಲ. ಆಸ್ಪತ್ರೆಯಿಂದ ಕಂಟೋನ್ಮೆಂಟಿನ ಮನೆಗೆ ಬಂದು ಮಲಗಿದ್ದಾಗ ನೋಡಲು ಬಂದವರಿಗೆ ಲೆಕ್ಕವಿಲ್ಲ. ಒಬ್ಬರು ಬಾಳೆಹಣ್ಣು ತಂದರು, ಒಬ್ಬರು ಕಷಾಯದ ವಿಧಾನ ತಂದರು, ಎಲ್ಲರೂ ದೇವರ ಚಿತ್ತ ಅಂದರು. ನಮ್ಮ ಚರ್ಚಿನ ಒಬ್ಬ ನಿವೃತ್ತ ರೈಲ್ವೆ ನೌಕರರು ಮಾತ್ರ ಏನೂ ತರಲಿಲ್ಲ, ಏನೂ ಅನ್ನಲಿಲ್ಲ. ಅವರಿಗೂ ಒಂದು ಕಾಲಿರಲಿಲ್ಲ. ವಾರಕ್ಕೊಮ್ಮೆ ಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಸಕ್ಕರೆ ಇಲ್ಲದ ಚಹಾ ಕುಡಿದು ಹೋಗುತ್ತಿದ್ದರು. ಯಾವ ವಾರ ನಾನು ಬಾಯಿ ಬಿಟ್ಟೆನೋ, ಯಾವ ವಾರ ಎದ್ದು ನಿಂತೆನೋ ನೆನಪಿಲ್ಲ. ಅವರು ಬರದೆ ಇದ್ದಿದ್ದರೆ ಈಗಲೂ ಮಲಗಿರುತ್ತಿದ್ದೆ, ಅದು ಗೊತ್ತು.

ಅವರನ್ನು ನನ್ನ ಮನೆಗೆ ಕಳಿಸಿದವರು ನಮ್ಮ ಪಾಸ್ಟರ ಹೆಂಡತಿ. ಎಲ್ಲರಿಗೂ ಪಾಸ್ಟರಮ್ಮ. ಕುಳ್ಳಗಿನ ಹೆಂಗಸು, ಕೈಯಲ್ಲಿ ಸದಾ ಒಂದು ಕೊಡೆ. ಯಾರ ಮನೆಗೆ ಹೋದರೂ ಒಳ್ಳೆಯ ಕುರ್ಚಿ ಬಿಟ್ಟು ಸ್ಟೂಲು ಹುಡುಕುತ್ತಾರೆ. ಚರ್ಚಿನಲ್ಲಿ ಅವರು ಕಟ್ಟಿದ್ದು 'ಜೊತೆ ಕೂಡುವ ಸೇವೆ'. ಅದರ ಕ್ರಮ ಸರಳ. ಗಂಡನನ್ನು ಕಳೆದುಕೊಂಡವಳ ಮನೆಗೆ ಗಂಡನನ್ನು ಕಳೆದುಕೊಂಡವಳೇ ಹೋಗುತ್ತಾಳೆ. ಕುಡಿತ ಬಿಡಲು ಒದ್ದಾಡುವವನ ಮನೆಗೆ, ಒದ್ದಾಡಿ ಬಿಟ್ಟವನು. ಹೋದ ಮನೆಯ ಜಾತಿ ಧರ್ಮ ವಿಚಾರಿಸುವ ಹಾಗಿಲ್ಲ. ಆ ಮನೆಯವರಾಗಿ ಬೇಡಿದರಷ್ಟೇ ಪ್ರಾರ್ಥನೆ. ನನಗೂ ತರಬೇತಿ ಕೊಟ್ಟರು. ಸಂಡೇ ಸ್ಕೂಲಿನ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಕೃತಕ ಕಾಲು ಚಾಚಿಕೊಂಡು ಕೂತು, ಎಲ್ಲಕ್ಕೂ ತಲೆಯಾಡಿಸಿದೆ. ಇಂಥ ಸುಲಭದ ಕೆಲಸಕ್ಕೆ ತರಬೇತಿ ಬೇರೆ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ದಿನ ಪಾಸ್ಟರಮ್ಮ ಕರೆದರು.

"ಬ್ರದರ್, ಸಿರುಗುಪ್ಪದಾಗ ಒಬ್ರು ಟೇಲರ್ ಅದಾರ. ನಿಮ್ಮ ಬಳ್ಳಾರಿ ಯೂನಿಟ್ಟಿನಾಗ ಪ್ಯಾಂಟ್ ಹೊಲಿತಿದ್ರಂತ. ಬಲಗಾಲು ಹೋಗೈತಿ, ನಿಮ್ಮಂಗ ಮೊಣಕಾಲ ಕೆಳಗ. ಗಾಯ ಮಾಗೈತಿ. ಆದ್ರ ಕಾಲು ಮಡಚ್ಕೊಂಡು ಗ್ವಾಡಿಗೆ ಮುಖ ಮಾಡಿ ಮಲಗ್ಯಾರ. ಹಿಂಗ ಬಿಟ್ರ ಮೊಣಕಾಲು ಮಡಚಿದಂಗ ಬಿಗದು ಬಿಡತೈತಿ, ಆಮ್ಯಾಲ ಹಾಕ್ಕೊಳ್ಳೋ ಕಾಲು ಕೂಡೂದ ಇಲ್ಲ ಅಂತ ಡಾಕ್ಟ್ರು ಅಂದಾರ. ಸುಗ್ಗಿ ಮುಗದ ಮ್ಯಾಲ ಕುರುಗೋಡಿನಾಗ ಕಾಲಿನ ಅಳತಿ ತಗೊಳ್ಳೋ ಕ್ಯಾಂಪ್ ಐತಿ."

"ಅಷ್ಟರಾಗ ಎಬ್ಬಿಸಬೇಕು, ಹೌದಲ್ರೀ?"

"ನೀವು ಎಬ್ಬಿಸೂದು ಬ್ಯಾಡ. ಹೋಗಿ ಕೇಳ್ರಿ. ಕೇಳಿ ಬರ್ರಿ. ಅಷ್ಟ ಸಾಕು."

ಕೇಳಿ ಬರುವುದೇ? ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯಲ್ಲಿ ಕಡಿಮೆ. ನಮ್ಮ ಧಂದೆಯಲ್ಲಿ ಎಲ್ಲವೂ ಆ ಒಂದು ಮಾತಿನ ಮೇಲೆ ನಡೆಯುತ್ತದೆ. ಮಾರುವವನು "ಎಷ್ಟಕ್ಕ ಕೇಳ್ತೀರಿ?" ಅನ್ನುತ್ತಾನೆ. ಕೊಳ್ಳುವವನು ಕೇಳಬೇಕು. ಮೋಟಾರು ಎಷ್ಟು ವರ್ಷದ್ದು, ಎಣ್ಣೆ ಕುಡಿಯುತ್ತದೆಯೇ, ಎಲ್ಲಿ ಬಿಚ್ಚಿದ್ದಾರೆ, ಯಾಕೆ ಮಾರುತ್ತಿದ್ದಾರೆ ಎಂದು ಕೇಳುತ್ತಾ ಹೋದರೆ ಮಷೀನಿನ ರೋಗ ತಾನಾಗಿ ಹೊರಬೀಳುತ್ತದೆ. ಆಮೇಲೆ ರೇಟು. ಈ ಧೈರ್ಯದ ಮೇಲೆ ಸಿರುಗುಪ್ಪದ ಬಸ್ಸು ಹತ್ತಿದೆ.

ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಟೇಲರನ ಮನೆ. ಅವನ ಹೆಂಡತಿ ಮಿಲ್ಲಿನಲ್ಲಿ ಕೂಲಿ ಮಾಡುವವಳು. ಜೊತೆಯ ಕೂಲಿಯಾಕೆಯೊಬ್ಬಳು ನಮ್ಮ ಸಭೆಗೆ ಬರುವವಳಾದ್ದರಿಂದ ಅವರ ವಿಷಯ ಚರ್ಚಿಗೆ ಮುಟ್ಟಿತ್ತು. ಆಗಷ್ಟೇ ಕೆಲಸದಿಂದ ಬಂದಿದ್ದ ಆ ಹೆಣ್ಣುಮಗಳು ತಲೆಗೂದಲಿನ ತೌಡು ಕೊಡವಿಕೊಳ್ಳುತ್ತಾ ಬಾಗಿಲಲ್ಲೇ ಹೇಳಿದಳು.

"ಅಣ್ಣಾರ, ನಾವು ನಿಮ್ಮ ಚರ್ಚಿನೋರಲ್ಲ. ಇವರಿಗೆ ಪ್ರಾರ್ಥನಿ ಅಂದ್ರ ಸಿಟ್ಟು ಬರತೈತಿ. ಮೊದ್ಲ ಹೇಳೀನಿ ನೋಡ್ರಿ."

"ಪ್ರಾರ್ಥನಿ ಇಲ್ಲಮ್ಮ ತಂಗಿ. ಸುಮ್ಮ ಕೇಳಾಕ ಬಂದೀನಿ."

ಮಂಚದ ಮೇಲೆ ಅವನ ಬೆನ್ನು ಮಾತ್ರ ಕಾಣಿಸುತ್ತಿತ್ತು. ಮೊಣಕಾಲ ಕೆಳಗೆ ಮೆತ್ತನೆಯ ದಿಂಬು ಇಟ್ಟು, ಕಾಲು ಮಡಚಿಕೊಂಡಿದ್ದ. ನಾನು ಕುರ್ಚಿ ಎಳೆದುಕೊಂಡು ಶುರು ಮಾಡಿದೆ.

"ಯಾವಾಗ ಆತು ತಮ್ಮಾ?"

"ಆತು."

"ಆಕ್ಸಿಡೆಂಟೋ, ಶುಗರೋ?"

"ಶುಗರ್."

"ಮೊದ್ಲ ಗಾಯ ಎಲ್ಲಿ ಆಗಿತ್ತು? ಹೆಬ್ಬೆರಳಿಗೋ, ಹಿಮ್ಮಡಕ್ಕೋ? ಎಷ್ಟು ದಿನ ಹಂಗ ಬಿಟ್ಟಿದ್ದಿ? ಈಗ ನೋವು ಐತೇನು? ಇನ್ನೊಂದು ಕಾಲು ಹೆಂಗೈತಿ?"

ಅವನು ಕತ್ತು ಮಾತ್ರ ಹೊರಳಿಸಿ ನನ್ನನ್ನು ನೋಡಿದ.

"ಏನ್ರಿ ಸಾವ್ಕಾರ್ರ, ನನ್ನ ಕೊಂಡ್ಕೊಂತೀರೇನು?"

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನೂ ಸೋಲುವವನಲ್ಲ. ಪ್ಯಾಂಟು ಮೇಲೆತ್ತಿ ನನ್ನ ಕೃತಕ ಕಾಲನ್ನು ಬೆರಳಿನಿಂದ ಟಕಟಕ ಬಡಿದು ತೋರಿಸಿದೆ. "ನೋಡು, ಇದರ ಮ್ಯಾಲ ಬಳ್ಳಾರಿ ತುಂಬ ಓಡಾಡ್ತೀನಿ."

"ಚಲೋ ಐತಿ. ನಿಮಗ ಇರ್ಲಿ," ಎಂದು ಗೋಡೆಯ ಕಡೆ ತಿರುಗಿದ.

ಮುಂದಿನ ವಾರ ನಾನು ಬರಿಗೈಯಲ್ಲಿ ಹೋಗಲಿಲ್ಲ. ಟೇಲರನಿಗೆ ಪೆಡಲು ತುಳಿಯುವ ಕಾಲು ಹೋಗಿದೆ, ಅದೇ ಅವನ ದುಃಖ ಎಂದು ತೀರ್ಮಾನಿಸಿ, ಎಡಗಾಲಿಗೆ ಸಿಗುವಂತೆ ಪೆಡಲು ಕೂಡಿಸಿದ ಮಷೀನನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದೆ. ಅವನು ತಿರುಗಿಯೂ ನೋಡಲಿಲ್ಲ.

"ವಾಪಸ್ ಒಯ್ರಿ. ಇಡಾಕ ಜಾಗ ಇಲ್ಲ."

ಬರುವ ದಾರಿಯಲ್ಲೇ ಅದಕ್ಕೊಂದು ಗಿರಾಕಿ ಸಿಕ್ಕಿತು. ಮಷೀನು ಒಯ್ದ ಆಟೋ ಖಾಲಿ ಬಂದದ್ದಷ್ಟೇ ಆ ದಿನದ ಸಮಾಧಾನ.

ಬಳ್ಳಾರಿಗೆ ಬಂದು ಪಾಸ್ಟರಮ್ಮನ ಅಡಿಗೆಮನೆಯ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

"ಎಷ್ಟು ಕೇಳಿದ್ರೂ ನೆಟ್ಟಗ ಉತ್ತರ ಇಲ್ರಿ ಆ ಮನುಷ್ಯಾಂದು. ನನ್ನಂಥವ ಇಷ್ಟು ಕೇಳೀನಿ, ಕಲ್ಲಾದ್ರೂ ಬಾಯಿ ಬಿಡಬೇಕಿತ್ತು."

"ಏನೇನ್ ಕೇಳಿದ್ರಿ?"

ನಾನು ಒಂದೊಂದಾಗಿ ಹೇಳಿದೆ. ಹೆಬ್ಬೆರಳು, ಹಿಮ್ಮಡ, ಇನ್ನೊಂದು ಕಾಲಿನ ಸ್ಥಿತಿ. ಪಾಸ್ಟರಮ್ಮನ ಕೈ ನಿಂತಿತು. ಮೊದಲು ಭುಜ ಕುಲುಕಿತು, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೆಳ್ಳುಳ್ಳಿ ಕೈಯಿಂದಲೇ ಕಣ್ಣೊರೆಸಿಕೊಂಡದ್ದರಿಂದ ಇನ್ನಷ್ಟು ನೀರು ಬಂತು.

"ಬ್ರದರ್, ನಾ ಕೇಳ್ರಿ ಅಂದದ್ದು ಕಿವೀಲೆ. ನೀವು ಬಾಯೀಲೆ ಕೇಳಿ ಬಂದೀರಿ."

ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆ. ಆ ಮಾತಿಗೆ ಇನ್ನೊಂದು ಅರ್ಥ ಇರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಉಪಯೋಗ ಬಿದ್ದಿರಲಿಲ್ಲ, ಅಷ್ಟೇ.

"ಅವ ಮಾತ ಆಡೂದಿಲ್ರಿ. ಏನ್ ಕೇಳಿಸ್ಕೊಳ್ಳಿ?"

"ಆಡೂ ತನಕ ಕುಂದರ್ರಿ. ರೈಲ್ವೆ ಅಣ್ಣಾರು ನಿಮ್ಮ ಮನ್ಯಾಗ ಎಷ್ಟು ಚಾ ಕುಡದ್ರು, ಮರತ್ರೇನು?"

ಕೂತೆ. ಸುಮ್ಮನಿರುವುದು ನನಗೆ ಹೊಸದಲ್ಲ. ಚೌಕಾಸಿಯಲ್ಲಿ ಅದು ದೊಡ್ಡ ಅಸ್ತ್ರ. ರೇಟು ಹೇಳಿದವನ ಮುಖ ನೋಡುತ್ತಾ ಸುಮ್ಮನಿದ್ದರೆ ಅವನೇ ಇಳಿಯುತ್ತಾನೆ. ಆದರೆ ಅದು ಏನನ್ನೋ ಗಿಟ್ಟಿಸಲು ಹೂಡಿದ ಮೌನ. ಏನೂ ಗಿಟ್ಟಿಸಲಿಕ್ಕಿಲ್ಲದೆ ಸುಮ್ಮನೆ ಕೂಡುವುದು ಬೇರೆ. ನಾಲಿಗೆ ತುರಿಸುತ್ತದೆ. ಮೊಣಕಾಲ ಕೆಳಗಿನ ಆ ದಿಂಬನ್ನು ಕಿತ್ತೊಗೆಯಬೇಕೆಂದು ಕೈ ಚಡಪಡಿಸುತ್ತದೆ. ಹೆಂಡತಿಯಂತೂ ಒಂದು ದಿನ ಲೋಟ ಎತ್ತುತ್ತಾ ಅಂದಳು: "ಇವತ್ತೂ ಇಬ್ರೂ ಬಾಯಿ ಬಿಡಲಿಲ್ಲ. ಚಾಪುಡಿ ಅಷ್ಟ ಖರ್ಚಾತು."

ಬಸ್ಸಿನ ಕಿಟಕಿಯಿಂದ ನೋಡಿದರೆ ದೇಶನೂರಿನ ಕಡೆ ಭತ್ತ ಹಳದಿಗೆ ತಿರುಗುತ್ತಿತ್ತು. ಮುಂದಿನ ವಾರ ಒಂದೆರಡು ಗದ್ದೆಯಲ್ಲಿ ಕಟಾವಿನ ಮಷೀನು ಇಳಿದಿತ್ತು. ಬೇರೆಯವರಿಗೆ ಅದು ಸುಗ್ಗಿ. ನನಗೆ ಆ ಮೊಣಕಾಲು ವಾರದಿಂದ ವಾರಕ್ಕೆ ಬಿಗಿಯುತ್ತಿರುವ ಲೆಕ್ಕ. ಇನ್ನು ಸ್ವಲ್ಪ ದಿನ ಕಳೆದರೆ ಕುರುಗೋಡಿಗೆ ಹೋಗಿಯೂ ಪ್ರಯೋಜನವಿಲ್ಲ.

ಒಂದು ಮಧ್ಯಾಹ್ನ ನಾನು ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಅವನು ಗೋಡೆಗೆ ಹೇಳಿದಂತೆ ಹೇಳಿದ.

"ಅಣ್ಣಾ, ನಿಮ್ಮ ಕಾಲು ಎಲ್ಲೈತಿ?"

ನಾನು ಕೃತಕ ಕಾಲನ್ನು ತಟ್ಟಿದೆ. "ಇಲ್ಲೇ."

"ಅದಲ್ಲ. ಕೊಯ್ದ ಕಾಲು. ಎಲ್ಲಿ ಇಟ್ರು ಅದನ್ನ?"

ಸತ್ಯ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಒಂದು ಸ್ಕ್ರೂ ಕೊಳ್ಳುವಾಗಲೂ ಅದರ ಪೂರ್ವಾಪರ ವಿಚಾರಿಸುವ ನಾನು, ಜೀವಮಾನವಿಡೀ ಹೊತ್ತು ತಿರುಗಿದ ಕಾಲು ಎಲ್ಲಿ ಹೋಯಿತೆಂದು ವಿಚಾರಿಸಿರಲಿಲ್ಲ. ಹಾಗೆಂದೇ ಹೇಳಿದೆ. ಅವನು ಈ ಕಡೆ ತಿರುಗಿದ. ಅವನ ಪೂರ್ತಿ ಮುಖವನ್ನು ನಾನು ನೋಡಿದ್ದು ಆಗಲೇ.

"ಪಕ್ಕದ ಮನಿ ಚಾಚಾನ ಬೆರಳು ಮಿಲ್ಲಿನ ಬೆಲ್ಟಿಗೆ ಸಿಕ್ಕು ಹೋತಲ್ಲ, ಅವರ ಮಂದಿ ಆ ಬೆರಳನ್ನ ಬಿಳಿ ಬಟ್ಯಾಗ ಸುತ್ಕೊಂಡು ಹೋಗಿ ಮಣ್ಣು ಮಾಡಿದ್ರು. ಒಂದು ಬೆರಳಿಗೆ, ಅಣ್ಣಾ. ನನ್ನದು ಅಷ್ಟುದ್ದ ಕಾಲು. ತಿಪ್ಪಿಗೆ ಎಸದ್ರೋ, ನಾಯಿ ತಿಂದ್ವೋ ಗೊತ್ತಿಲ್ಲ. ನಾವೂ ಮಣ್ಣು ಮಾಡೋ ಮಂದಿನ. ಆ ಕಾಲಿಗೆ ಮಣ್ಣಾಗಿಲ್ಲ, ಅದರ ಜಾಗದಾಗ ಇನ್ನೊಂದು ತಂದು ಕಟ್ಟು ಅಂತೀರಿ ಎಲ್ಲಾರೂ. ಹೆಂಡ್ತಿ ಹೆಣ ಮನ್ಯಾಗ ಇಟ್ಕೊಂಡು ಎರಡನೇ ಮದುವಿ ಆಗಂದಂಗ ಆತು."

"ಅಯ್ಯ, ನನ್ನ ಯಾಕ ಸಾಯಿಸ್ತೀರಿ ನಡುವ?" ಎಂದಳು ಹೆಂಡತಿ ಒಲೆಯ ಬಳಿಯಿಂದ. ದನಿ ಮಾತ್ರ ತಮಾಷೆಯದಾಗಿರಲಿಲ್ಲ. ಇಷ್ಟು ದಿನ ಅವಳಿಗೂ ಅವನು ಇದನ್ನು ಹೇಳಿರಲಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ 'ಮಣ್ಣಿಗೆ ಹೋಗುವುದು' ಎನ್ನುತ್ತೇವೆ. ಮಣ್ಣಾಗುವ ತನಕ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಯಾವ ಕೆಲಸವೂ ಮುಂದೆ ಸಾಗುವುದಿಲ್ಲ. ಈ ಮನುಷ್ಯ ಇಷ್ಟು ದಿನ ಮಲಗಿದ್ದದ್ದು ಸೋಮಾರಿತನಕ್ಕಲ್ಲ, ಹೆದರಿಕೆಗಲ್ಲ, ಪೆಡಲಿಗಂತೂ ಅಲ್ಲವೇ ಅಲ್ಲ. ಅವನು ಮಣ್ಣಿಗೆ ಕಾಯುತ್ತಿದ್ದ.

ಪಾಸ್ಟರಮ್ಮನಿಗೆ ಹೇಳುವಾಗ ನನಗೊಂದು ಅಳುಕಿತ್ತು. ಆತ್ಮ ದೊಡ್ಡದು, ದೇಹ ಮಣ್ಣು ಎಂದು ಒಂದು ವಚನ ಓದಿ ಮುಗಿಸಿಬಿಟ್ಟಾರೋ ಎಂದು. ಅವರು ಹಾಗೆ ಮಾಡಲಿಲ್ಲ. ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದ ಸಭೆಯ ನರ್ಸ್ ಒಬ್ಬರನ್ನು ಕಂಡು ವಿಚಾರಿಸಿದರು. ಅಂಥವನ್ನು ಕಸಕ್ಕೆ ಎಸೆಯುವ ಹಾಗಿಲ್ಲ, ಬೇರೆ ಚೀಲದಲ್ಲಿ ಕಟ್ಟಿ ಕುಲುಮೆಗೆ ಕಳಿಸಿ ಸುಡುತ್ತಾರೆ ಎಂದು ತಿಳಿಯಿತು. ಅದನ್ನು ನಾನು ಸಿರುಗುಪ್ಪಕ್ಕೆ ಒಯ್ದೆ.

"ನಾಯಿಗೆ ಹಾಕಿಲ್ಲಲ್ಲ?"

"ಇಲ್ಲ."

ಅವನು ಉಸಿರು ಬಿಟ್ಟ. ಆದರೂ ತಲೆಯಾಡಿಸಿದ. "ಸುಟ್ರೇನು? ನಮ್ಮಲ್ಲಿ ಸುಡೂದಿಲ್ಲ ಅಣ್ಣಾ. ಮಣ್ಣು ಬೀಳಬೇಕು."

ಆಗ ಹೆಂಡತಿ ಎದ್ದು, ಮಂಚದ ಕೆಳಗೆ ಕೈಹಾಕಿ, ಧೂಳು ಹಿಡಿದ ಒಂದು ಬಲಗಾಲಿನ ಚಪ್ಪಲಿ ಎಳೆದಳು. ಒಳಗೆ ಅವನ ಐದು ಬೆರಳಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು.

"ಇದೈತಲ್ರಿ," ಅಂದಳು. "ಇದಕ್ಕ ಹಾಕೂನು ಮಣ್ಣು."

ಚಪ್ಪಲಿಗೆ ಮಣ್ಣು ಮಾಡುವುದಕ್ಕೆ ನಮ್ಮ ಪಾಸ್ಟರಮ್ಮ ಬರುತ್ತಾರೆಯೇ? ಬಂದರು. ಬಿಸಿಲಲ್ಲಿ ಬಸ್ಸು ಹಿಡಿದು, ಕೊಡೆ ಹಿಡಿದು, ಯಾವ ಮಣ್ಣಿಗಾದರೂ ಉಡುವಂಥ ಬಿಳಿ ಸೀರೆ ಉಟ್ಟು ಬಂದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಕರಿಬೇವಿನ ಗಿಡಕ್ಕೂ ನಡುವೆ ಹೆಂಡತಿಯೇ ಗುಣಿ ತೋಡಿದ್ದಳು. ಟೇಲರ್ ಆಸ್ಪತ್ರೆಯಿಂದ ಬಂದ ಮೇಲೆ ಹೊಸಿಲು ದಾಟಿದ್ದು ಅದೇ ಮೊದಲು. ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದುಕೊಂಡಿದ್ದೆವು.

"ಮೂರು ಮಂದಿ, ನಾಕ ಕಾಲು. ಬಿದ್ರ ಎಲ್ಲಾರೂ ಕೂಡೇ ಬೀಳೂದು," ಎಂದಳು ಅವಳು.

ಗೋಡೆಯಾಚೆಯಿಂದ ಚಾಚಾ ಇಣುಕಿ ಏನೆಂದು ವಿಚಾರಿಸಿದರು. ಹೇಳಿದೆವು. ಅವರು ಟೋಪಿ ಹಾಕಿಕೊಂಡು ಈ ಕಡೆ ಬಂದು ನಿಂತರು. ಪಾಸ್ಟರಮ್ಮ ಗುಣಿಯ ಹತ್ತಿರ ಬಂದವರೇ ತಮ್ಮ ಚಪ್ಪಲಿ ಬಿಟ್ಟರು.

"ಅಮ್ಮಾರ, ನಿಮ್ಮ ಪ್ರಾರ್ಥನಿ ಮಾಡ್ರಿ. ಸಣ್ಣದು ಇರ್ಲಿ," ಎಂದ ಟೇಲರ್. ಬೇಡಿದವನು ಅವನೇ.

"ಮೊದ್ಲ ನೀವು ಮಾತಾಡ್ರಿ. ಅದು ನಿಮ್ಮ ಕಾಲು."

ನಮ್ಮ ಆಸರೆಯಲ್ಲೇ ಬಗ್ಗಿ ಅವನು ಚಪ್ಪಲಿಯನ್ನು ಗುಣಿಯಲ್ಲಿಟ್ಟ. ಆಮೇಲೆ, ಜೊತೆಯಲ್ಲಿ ದುಡಿದವನ ಹತ್ತಿರ ಮಾತಾಡುವ ಹಾಗೆ:

"ಲೇ, ಎಷ್ಟು ಪ್ಯಾಂಟು ಹೊಲಿಸಿದಿ ನನ್ನ ಕಡಿಂದ. ಮನಿ ಮಂದಿ ಹೊಟ್ಟಿ ತುಂಬಿಸಿದಿ. ಉರಿ ಹಚ್ಚಿ ಹಚ್ಚಿ ಹೇಳಿದಿ, ಆರ್ಡರ್ ಮುಗೀಲಿ ಅಂತ ನಾನ ಕೇಳಲಿಲ್ಲ. ಹೋಗಿ ಬಾ. ಇನ್ನ ತುಳಿಯೂದು ಸಾಕು."

ನಮ್ಮ ಸಭೆಯ ಪ್ರಾರ್ಥನೆಗಳು ಎಷ್ಟು ಉದ್ದವೆಂದರೆ ಬಡಿಸಿದ ಅನ್ನ ಆರಿರುತ್ತದೆ. ಪಾಸ್ಟರಮ್ಮ ಅಂದದ್ದು ಇಷ್ಟೇ: "ಕರ್ತನೇ, ಈ ಕಾಲು ದುಡಿದದ್ದನ್ನು ನೀನು ನೋಡಿದ್ದೀ. ಆಮೆನ್." ಎಲ್ಲರೂ ಹಿಡಿ ಮಣ್ಣು ಹಾಕಿದೆವು. ಚಾಚಾ ಬೆರಳಿಲ್ಲದ ಕೈಯಿಂದಲೇ ಹಾಕಿದರು.

ಪಾಸ್ಟರಮ್ಮನ ಬಗ್ಗೆ ನನಗಿರುವ ಗೌರವಕ್ಕೆ ಅಂದು ಅವರು ಬಂದದ್ದಷ್ಟೇ ಕಾರಣವಲ್ಲ. ಆಮೇಲಿನ ಭಾನುವಾರ ಅವರು ಬಾಯಿ ಬಿಡದೆ ಇದ್ದದ್ದು ಇನ್ನೂ ದೊಡ್ಡದು. ಚರ್ಚಿನಲ್ಲಿ ದೇವರು ಮಾಡಿದ ಉಪಕಾರಕ್ಕೆ ಎಲ್ಲರೆದುರು ಸಾಕ್ಷಿ ಹೇಳುವುದೆಂದರೆ ನಮಗೆಲ್ಲ ಹಿಗ್ಗು. ಇಂಥ ಕಥೆ ಕೈಲಿದ್ದರೆ ನಾನಾಗಿದ್ದರೆ ಮೈಕು ಬಿಡುತ್ತಿರಲಿಲ್ಲ. ಅವರು ಆ ಮನೆಯ ಮಾತನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಈಗ ಬರೆಯುತ್ತಿರುವುದೂ ಟೇಲರನನ್ನು ವಿಚಾರಿಸಿಯೇ. "ಹೆಸರು ಒಂದು ಬ್ಯಾಡ, ಉಳದದ್ದು ಬರೀರಿ," ಎಂದ. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ.

ಮಣ್ಣಾದ ಮರುದಿನವೇ ಅವನು ದಿಂಬನ್ನು ತಾನೇ ಎಸೆದನಂತೆ. ಆದರೆ ಮೊಣಕಾಲು ಅಷ್ಟು ಸುಲಭಕ್ಕೆ ಒಪ್ಪಬೇಕಲ್ಲ. ಹೆಂಡತಿ ಮೋಟುಗಾಲಿನ ತುದಿಗೆ ಕೌದಿ ಮಡಚಿ ಇಡುವಳು, ಅವನು ಹಲ್ಲು ಕಚ್ಚಿ ಮೊಣಕಾಲನ್ನು ಕೆಳಕ್ಕೆ ಒತ್ತುವನು. ಬೈಗುಳವೆಲ್ಲ ಅವಳಿಗೆ. "ಬೈಯ್ರಿ ಬೈಯ್ರಿ, ಬೈಯೂದು ನಿಲ್ಲಿಸಿದ್ರ ಒತ್ತೂದೂ ನಿಲ್ಲಿಸ್ತೀರಿ," ಅನ್ನುವಳು ಆಕೆ. ಗಂಡ ಎದ್ದು ಕೂಡುವ ಮೊದಲೇ ಮಿಲ್ಲಿಗೆ ಹೋಗಿ, ಬಂದು, ಅವನ ಕಾಲು ಒತ್ತಿಸಲು ಕೂಡುತ್ತಿದ್ದ ಆ ಹೆಣ್ಣುಮಗಳ ಗಟ್ಟಿತನ ನಾನು ಯಾವ ಯೂನಿಟ್ಟಿನಲ್ಲೂ ನೋಡಿಲ್ಲ. ಸುಗ್ಗಿ ಮುಗಿಯಿತು. ಗದ್ದೆಯಲ್ಲಿ ಕೂಳೆ ಮಾತ್ರ ಉಳಿಯಿತು. ಮೊಣಕಾಲು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

ಕುರುಗೋಡಿನ ಕ್ಯಾಂಪು ಒಂದು ಕಲ್ಯಾಣ ಮಂಟಪದಲ್ಲಿ. ಅಳತೆ ತೆಗೆಯುವವನು ಟೇಲರನನ್ನು ಮೇಜಿನ ಮೇಲೆ ಮಲಗಿಸಿ, ಮೊಣಕಾಲ ಕೆಳಗೆ ಅಂಗೈ ತೂರಿಸಿ ನೋಡಿದ. ಕೈ ಸಲೀಸಾಗಿ ಹೋಯಿತು, ಸಲೀಸಾಗಿ ಬಂತು.

"ಇನ್ನೂ ಬಾಗೈತ್ರಿ. ಹಿಂಗಿದ್ರ ಕಷ್ಟ. ಮುಂದಿನ ಸಲ ನೋಡೂನು."

"ಮುಂದಿನ ಸಲ ಅಂದ್ರ ಯಾವಾಗ? ಕಷ್ಟ ಅಂದ್ರ ಎಷ್ಟು ಕಷ್ಟ?" ಎಂದು ನಾನು ತೋಳೇರಿಸಿ ಮುಂದೆ ಬಂದೆ. "ಸ್ವಲ್ಪ ಹೆಚ್ಚು ಕಮ್ಮಿ ಮಾಡ್ಕೊಂಡು..."

"ಅಣ್ಣಾ, ಸುಮ್ಮನಿರ್ರಿ. ಇಲ್ಲೂ ಚೌಕಾಸಿ ಏನು?" ಎಂದ ಟೇಲರ್. ಆಮೇಲೆ ಅಳತೆಯವನಿಗೆ: "ಇನ್ನೊಂದು ಸಲ ಕೈ ಇಡ್ರಿ."

ಅವನು ಇಟ್ಟ. ಟೇಲರ್ ಮೇಜಿನ ಅಂಚು ಹಿಡಿದು ಒತ್ತಿದ. ಕುತ್ತಿಗೆಯ ನರ ಉಬ್ಬಿತು, ಹಣೆಯಿಂದ ಬೆವರು ಕಿವಿಗೆ ಹರಿಯಿತು. ಹೆಂಡತಿ ಗುನುಗುನು ಎಂದು ಏನೋ ಅನ್ನುತ್ತಿದ್ದಳು. ಅವಳು ಬೈಯುತ್ತಿದ್ದಳೋ ಬೇಡುತ್ತಿದ್ದಳೋ ತಿಳಿಯಲಿಲ್ಲ.

"ಈಗ ತಗೀರಿ ನೋಡೂನು ಕೈ."

ಅಳತೆಯವನು ಎಳೆದ. ಕೈ ಬರಲಿಲ್ಲ. ಇನ್ನೊಮ್ಮೆ ಎಳೆದು ನಕ್ಕುಬಿಟ್ಟ. "ಬಿಡ್ರಿ ಮಾರಾಯ್ರ, ಪ್ಲಾಸ್ಟರ್ ಹಚ್ಚಾಕ ನನಗ ಆ ಕೈ ಬೇಕು." ಬಕೆಟ್ಟಿನಲ್ಲಿ ಸುಣ್ಣದಂಥ ಪುಡಿ ಕಲಸಿ, ಬಟ್ಟೆ ಅದ್ದಿ, ಮೋಟುಗಾಲಿಗೆ ಸುತ್ತಿ ಅಚ್ಚು ತೆಗೆದರು. ಟೇಲರ್ ಆ ಬಟ್ಟೆ ಸುತ್ತುವ ರೀತಿಯನ್ನೇ ನೋಡುತ್ತಾ, ಹೊಲಿಗೆಯವನ ಕಣ್ಣಲ್ಲಿ, "ಒಳಗ ಸುಕ್ಕು ಬಿಡಬ್ಯಾಡ್ರಿ," ಎಂದ. ಕಾಲು ಬಂತು, ಹಾಕಿಕೊಂಡ, ಈಗ ನಡೆಯುತ್ತಾನೆ. ಅದು ಕಚ್ಚುತ್ತದೆ ಎಂದು ದಿನಕ್ಕೊಮ್ಮೆ ನನಗೆ ಫೋನು ಮಾಡಿ ಜಗಳವಾಡುತ್ತಾನೆ. ಕಚ್ಚುತ್ತದೆ. ನನ್ನದೂ ಕಚ್ಚಿತ್ತು.

ಈಗ ನಿಮಗೆ ನಾಲ್ಕು ಮಾತು, ಪುಕ್ಕಟೆ. ಕಾಲು ಹೋದವರ ಮನೆಗೆ ಹೋದರೆ ಹಣ್ಣು ಕೊಂಡು ದುಡ್ಡು ಕಳೆಯಬೇಡಿ, ಶುಗರಿನವರು ತಿನ್ನುವುದಿಲ್ಲ. ಒಮ್ಮೆ ಹೋಗಿ ಮೂರು ತಾಸು ಕೂಡುವ ಬದಲು ವಾರವಾರ ಅರ್ಧ ತಾಸು ಕೂಡಿ. ನಿಮ್ಮ ಕಥೆ ಅವರಾಗಿ ವಿಚಾರಿಸುವ ತನಕ ನಿಮ್ಮಲ್ಲೇ ಇರಲಿ. ಮೊಣಕಾಲ ಕೆಳಗೆ ಕಾಟನ್ ದಿಂಬಾಗಲಿ, ರೇಷ್ಮೆ ದಿಂಬಾಗಲಿ ಇಡಲು ಬಿಡಬೇಡಿ. ಆ ಸುಖ ಮುಂದೆ ಬಹಳ ದುಬಾರಿ ಬೀಳುತ್ತದೆ. ಆದರೆ ಅದನ್ನು ರೋಗಿಗೆ ಹೇಳಬೇಡಿ, ಮನೆಯವರನ್ನು ಹೊರಗೆ ಕರೆದು ಹೇಳಿ. ಕಾಲು ಚಾಚುವ ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಅವರು ನೋಡಿ ಕಲಿತು ಬರಲಿ. ನಿಮ್ಮ ಮನೆಯಲ್ಲೇ ಯಾರಿಗಾದರೂ ಕೈಯೋ ಕಾಲೋ ತೆಗೆಯುವ ಪ್ರಸಂಗ ಬಂದರೆ, ಸಹಿ ಹಾಕುವ ಮೊದಲೇ ಡಾಕ್ಟರನ್ನು ನಿಲ್ಲಿಸಿ, ತೆಗೆದದ್ದನ್ನು ಏನು ಮಾಡುತ್ತೀರಿ ಎಂದು ವಿಚಾರಿಸಿ. ಮಣ್ಣು ಮಾಡುವುದು ನಿಮ್ಮ ಪದ್ಧತಿಯಾಗಿದ್ದರೆ ಅದನ್ನು ಆಗಲೇ ಹೇಳಿ, ಕೊಡಲು ಬರುತ್ತದೋ ಇಲ್ಲವೋ ತಿಳಿದುಕೊಳ್ಳಿ. ಕೊಡಲು ಬರುವುದಿಲ್ಲ ಎಂದರೂ ಸರಿ. ಎಲ್ಲಿ ಹೋಯಿತು, ಹೇಗೆ ಹೋಯಿತು ಎಂಬುದನ್ನು, ರೋಗಿ ಎಚ್ಚರಾಗಿ ಮೊದಲ ಗುಟುಕು ಗಂಜಿ ಕುಡಿದ ಮೇಲೆ, ಅವರ ಹತ್ತಿರ ಕೂತು ಹೇಳಿಬಿಡಿ.